ಕರೆಯುವ ತನಕ ಬಣ್ಣ ಒರೆಸಬಾರದು

ಅಮೆರಿಕದ ಸಿನಿಮಾದಲ್ಲಿ, ಟೀವಿಯಲ್ಲಿ ಸಾಯುವುದು ನನ್ನ ಉದ್ಯೋಗ. ನಾಯಕರಾಗಿ ಸಾಯುವವರ ಮಾತು ಬೇರೆ. ಅವರು ಸತ್ತರೆ ಹಿಂದೆ ಪಿಟೀಲು ನುಡಿಯುತ್ತದೆ, ಯಾರೋ ಒಬ್ಬಳು ಎದೆಯ ಮೇಲೆ ಬಿದ್ದು ಅಳುತ್ತಾಳೆ. ನಾನು ಸತ್ತರೆ ಕತೆ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಪೆಟ್ರೋಲ್ ಬಂಕಿನ ಅಂಗಡಿಯವನು, ಟ್ಯಾಕ್ಸಿಯವನು, ಬಾಗಿಲು ತೆರೆದ ಕೂಡಲೇ ಗುಂಡು ತಿನ್ನುವ ಪಕ್ಕದ ಮನೆಯವನು, ಬರಬಾರದ ಹೊತ್ತಿನಲ್ಲಿ ವಾರ್ಡಿಗೆ ಬಂದ ಡಾಕ್ಟರು. ಪಾತ್ರಕ್ಕೆ ಹೆಸರಿದ್ದರೆ ಅದು ಪಟೇಲ್. ಎಷ್ಟೋ ಸಲ ಹೆಸರೇ ಇರುವುದಿಲ್ಲ. ಹ್ಯೂಸ್ಟನ್ನಿನ ಅಂಗಡಿಗಳಲ್ಲಿ ಜನ ನನ್ನ ಮುಖ ನೋಡಿ, ನಿಮ್ಮನ್ನು ಎಲ್ಲೋ ನೋಡಿದ್ದೇನೆ ಅನ್ನುತ್ತಾರೆ. ನೋಡಿರಬೇಕು, ನೆಲದ ಮೇಲೆ ಬಿದ್ದಿದ್ದಾಗ, ಅನ್ನುತ್ತೇನೆ.

ನನ್ನ ಸ್ವಂತ ಹೆಸರು ಗದಿಗೆಪ್ಪ. ಗದಗಿನ ಕಡೆಯ ಹಳ್ಳಿಯವನು. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ನಾಟಕ ಕಂಪನಿ ಸೇರಿದೆ. ನಮ್ಮ ಮಾಲೀಕರು ಬಸಲಿಂಗಪ್ಪ ಮಾಸ್ತರರು. ಅವರ ಕಂಪನಿಯಲ್ಲಿ ಒಂದು ಕಟ್ಟಳೆ ಇತ್ತು. ರಂಗದ ಮೇಲೆ ಸತ್ತವನನ್ನು ಪರದೆ ಬಿದ್ದ ಮೇಲೆ ಅವನ ಮನೆಯವರು ಸ್ವಂತ ಹೆಸರು ಹಿಡಿದು ಕರೆಯಬೇಕು. ಕರೆಯುವ ತನಕ ಅವನು ಮುಖದ ಬಣ್ಣ ಒರೆಸಬಾರದು, ಯಾರೊಡನೆಯೂ ಮಾತಾಡಬಾರದು, ಮನೆಯ ಹೊಸ್ತಿಲು ದಾಟಬಾರದು. "ಸತ್ತ ಪಾತ್ರಕ್ಕ ಒಂದು ಮೈ ಬೇಕಾಗಿರತೈತಿ," ಅನ್ನುತ್ತಿದ್ದರು ಮಾಸ್ತರರು. "ಕರೀದ ಬಿಟ್ರ ನಿನ್ನ ಮೈಯನ್ನ ಇಟಗೋತೈತಿ." ಊರಲ್ಲಿ ಆಟವಿದ್ದರೆ ಅವ್ವ ಪರದೆಯ ಹಿಂದೆ ಬಂದು ಕರೆಯುತ್ತಿದ್ದಳು. ಪರವೂರಿನಲ್ಲಿ ಮಾಸ್ತರರೇ ಮನೆಯವರು.

ಇದನ್ನು ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ಕೇಳಿದವರ ಮೇಲೆ ರೇಗಿದ್ದೇನೆ. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಯಾರೂ ನಂಬುವುದಿಲ್ಲ, ತೊಳೆಯುತ್ತಾರೆ.

ನನ್ನ ಹೆಂಡತಿ ವಾಣಿಶ್ರೀ ನರ್ಸು. ಅವಳಿಗೆ ಡಲ್ಲಾಸಿನಲ್ಲಿ ಕೆಲಸ ಸಿಕ್ಕಿತು, ಅವಳ ಬೆನ್ನ ಹಿಂದೆ ನಾನೂ ಬಂದೆ. ಡಲ್ಲಾಸಿಗೆ ಅಂಟಿದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಒಂದು ದಿನ ಹಾಲು ತಂದವನು ಒಡೆದ ಕ್ಯಾನುಗಳನ್ನು ಇಳಿಸಿ, ಒಡೆದಿಲ್ಲ ಎಂದು ವಾದಿಸಿದ. ನಾನು ಅವನಿಗೆ ಅಚ್ಚ ಕನ್ನಡದಲ್ಲಿ ಬೈದೆ. ಕಾಫಿ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಕೊನೆಯ ತನಕ ಕೇಳಿದಳು. ಸೀರಿಯಲ್ಲುಗಳಿಗೆ ನಟರನ್ನು ಹುಡುಕಿ ಕೊಡುವವಳಂತೆ. "ಇದನ್ನೇ ಕ್ಯಾಮೆರಾ ಮುಂದೆ ಮಾಡುತ್ತೀರಾ?" ಅಂದಳು. ಮಾಡಿದೆ. ಕಳ್ಳ ಬಂದ, ನಾನು ಬೈದೆ, ಅವನು ಗುಂಡು ಹಾರಿಸಿದ, ನಾನು ಸತ್ತೆ. ಹೀಗೆ ಶುರುವಾಯಿತು.

ಆ ಮೊದಲ ಸಾವಿನ ದಿನ ಹೆಸರು ಕರೆಯುವವರು ಯಾರು? ವಾಣಿಶ್ರೀ ಒಬ್ಬಳೇ. ಆದರೆ ಅವಳು ಗಂಡನ ಹೆಸರು ಹೇಳುವ ಪೈಕಿ ಅಲ್ಲ. ಇಂದಿಗೂ ಔಷಧದ ಅಂಗಡಿಯಲ್ಲಿ ನನ್ನ ಮಾತ್ರೆ ತರಲು ಹೋದರೆ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಬಿಡಿಸಿ ಹೇಳುತ್ತಾಳೆ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳಲೇಬೇಕಾದಾಗ ಒಡಪು ಕಟ್ಟುತ್ತಾರೆ. ಎರಡು ಸಾಲಿನ ಪದ, ಅದರೊಳಗೆ ಹೆಸರು. ಮದುವೆಯಲ್ಲಿ, ಸೀಮಂತದಲ್ಲಿ ಹೇಳಿಸಿ ನಗುತ್ತಾರೆ. ಮೊದಲೇ ಹೇಳಿಟ್ಟಿದ್ದಂತೆ ನಾನು ಫೋನು ಮಾಡಿ ಬಾಯಿ ಬಿಡದೆ ಹಿಡಿದಾಗ ವಾಣಿಶ್ರೀ ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿದ್ದಳು. ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು:

"ಡಲ್ಲಾಸಿನ ಬಿಸಿಲಾಗ ನೆರಳಿಲ್ಲ, ಮರವಿಲ್ಲ,
ಗದಿಗೆಪ್ಪನವರಿಗೆ ಇನ್ನೂ ಹೋಗೂ ಹೊತ್ತಿಲ್ಲ."

ನಾನು ಬಣ್ಣ ಒರೆಸಿದೆ.

ಅಲ್ಲಿಂದ ಮುಂದೆ ಪ್ರತಿ ಸಾವಿಗೂ ಒಂದು ಹೊಸ ಒಡಪು. ಹ್ಯೂಸ್ಟನ್ನಿಗೆ ಶಿಫ್ಟ್ ಆದ ಮೇಲೂ ನಡೆಯಿತು. ಒಮ್ಮೆ ಒಬ್ಬ ಡೈರೆಕ್ಟರು ನನ್ನನ್ನು ಕೊಂದು ಊಟದ ತನಕ ಎಬ್ಬಿಸಲಿಲ್ಲ. ಅವತ್ತು ಅವಳು ಹೇಳಿದ್ದು: "ಹ್ಯೂಸ್ಟನ್ನಿನ ಹಳ್ಳದಾಗ ಮೊಸಳಿ ಮಲಗೇತಿ, ಗದಿಗೆಪ್ಪನವರ ಪಾಲಿನ ರೊಟ್ಟಿ ಆರೇತಿ." ನಾನು ಹೆಣದ ಬಟ್ಟೆಯಲ್ಲೇ ನಕ್ಕೆ.

ಆಮೇಲೆ ಒಂದು ದಿನ ಅವಳು ನಿಲ್ಲಿಸಿಬಿಟ್ಟಳು. ಗಾಲ್ವೆಸ್ಟನ್ನಿನ ಕಡಲಲ್ಲಿ ನಾನು ಮುಳುಗಿ ಸತ್ತು, ಒದ್ದೆ ಬಟ್ಟೆಯಲ್ಲಿ ಫೋನು ಮಾಡಿದೆ. ಅವಳು ಒಡಪು ಹೇಳಿದಳು. ದನಿಯಲ್ಲಿ ಜೀವವಿರಲಿಲ್ಲ. ಮನೆಗೆ ಬಂದ ಮೇಲೆ ಅಂದಳು: "ಇವತ್ತ ನನ್ನ ವಾರ್ಡಿನಾಗ ಒಂದು ಹುಡುಗಿ ಹೋತ್ರಿ. ಆಕಿನ್ನ ಒರಸಿ, ಬಟ್ಟಿ ಹೊಚ್ಚಿ, ಕೈ ತೊಳಿಯೂದರಾಗ ನಿಮ್ಮ ಫೋನ್ ಬಂತು. ದಿನಾ ಖರೇ ಸಾವು ನೋಡ್ತೀನಿ. ಸುಳ್ಳ ಸಾವಿಗೆ ಇನ್ನ ಪದಾ ಕಟ್ಟೂದು ನನ್ನ ಕೈಲೆ ಆಗೂದಿಲ್ಲ. ಇನ್ನೊಮ್ಮೆ ಸತ್ರ ನಾ ಒಡಪು ಹೇಳೂದಿಲ್ಲ. ಆಣಿ ಮಾಡೇನಿ."

ಅವಳು ಆಣೆ ಮಾಡಿದರೆ ಮುಗಿಯಿತು. ಸಕ್ಕರೆ ಬಿಡುತ್ತೇನೆಂದು ಆಣೆ ಮಾಡಿ ಮಗ್ಗುಲು ಮನೆಯ ಮದುವೆಯಲ್ಲೂ ಹೋಳಿಗೆ ಮುಟ್ಟದವಳು. ನಾನೂ ಮಾತು ಕೊಟ್ಟೆ, ಇನ್ನು ಸಾಯುವುದಿಲ್ಲ ಎಂದು. ಏಜೆಂಟಿಗೆ ಹೇಳಿದೆ: ಬದುಕಿರುವ ಪಾತ್ರ ಇದ್ದರೆ ಫೋನು ಮಾಡು, ಇಲ್ಲದಿದ್ದರೆ ಬೇಡ. ಬಹಳ ತಿಂಗಳು ಫೋನೇ ಬರಲಿಲ್ಲ. ಬದುಕಿರುವ ಪಟೇಲರು ಕತೆಗಳಲ್ಲಿ ಕಡಿಮೆ.

ಕೊನೆಗೆ ಒಂದು ಬಂತು. ಆಸ್ಟಿನ್ನಿನ ಪಕ್ಕ ಫ್ಲೂಗರ್‌ವಿಲ್ಲಿನಲ್ಲಿ ಹಳೆಯ ಮೋಟೆಲೊಂದನ್ನು ಬಾಡಿಗೆಗೆ ಹಿಡಿದು ತೆಗೆಯುತ್ತಿದ್ದ ಸೀರಿಯಲ್. ನಾನು ಮೋಟೆಲಿನ ಯಜಮಾನ. ಸುತ್ತ ಎಲ್ಲರೂ ಸಾಯುತ್ತಾರೆ, ಯಜಮಾನ ಮಾತ್ರ ಕೊನೆಯ ತನಕ ಕೌಂಟರಿನ ಹಿಂದೆ ಕೂತು ಕೀಲಿ ಕೊಡುತ್ತಾನೆ. ವಾಣಿಶ್ರೀಗೆ ಹೇಳಿದೆ. ಮರುದಿನ ನನ್ನ ಬ್ಯಾಗಿನಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇತ್ತು. ಆಫೀಸಿನ ಗೋಡೆಗೆ ಹಾಕಲು ಯಜಮಾನನ ಫೋಟೋ ಬೇಕು ಎಂದರು. ಗಾಲ್ವೆಸ್ಟನ್ನಿನ ದಂಡೆಯಲ್ಲಿ ನಾವಿಬ್ಬರೂ ನಿಂತು ತೆಗೆಸಿಕೊಂಡಿದ್ದೊಂದನ್ನು ಕೊಟ್ಟೆ. ಅವರು ನನ್ನನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದರು. ಹೆಗಲ ಮೇಲೆ ವಾಣಿಶ್ರೀಯ ಕೈ ಮಾತ್ರ ಉಳಿಯಿತು, ಹಸಿರು ಬಳೆಯ ಸಮೇತ.

ಆ ದಿನ ಬೆಳಿಗ್ಗೆ ಹೋದಾಗ ನನ್ನ ಕುರ್ಚಿಯ ಮೇಲೆ ಹಳದಿ ಕಾಗದದ ಪುಟಗಳಿದ್ದವು. ಕತೆ ತಿದ್ದಿದಾಗ ಬಣ್ಣದ ಕಾಗದದಲ್ಲಿ ಕೊಡುವುದು ಇಲ್ಲಿನ ರೂಢಿ. ಓದಿದೆ. ಯಜಮಾನ ಕೌಂಟರಿನ ಹಿಂದೆ ಎದೆ ಹಿಡಿದುಕೊಂಡು ಬೀಳುತ್ತಾನೆ. ಮುಂದಿನ ದೃಶ್ಯದಲ್ಲಿ ಗೋಡೆಯ ಫೋಟೋಗೆ ಹಾರ.

ಡೈರೆಕ್ಟರು ಮೆಗನ್ ಎಂಬ ಹುಡುಗಿ. ನಾನು ಅವಳೆದುರು ನಿಂತು ಹಳದಿ ಕಾಗದವನ್ನು ಮೇಜಿಗೆ ಬಡಿದೆ. "ಬದುಕಿರುತ್ತಾನೆ ಅಂದಿದ್ದಿರಿ. ನನ್ನ ಹೆಂಡತಿಗೆ ಮಾತು ಕೊಟ್ಟಿದ್ದೇನೆ. ನಾನು ಸಾಯುವುದಿಲ್ಲ, ಬೇರೆ ಯಾರನ್ನಾದರೂ ಕೊಲ್ಲಿ," ಅಂದೆ.

ಅವಳು ಹೆದರಲಿಲ್ಲ. "ಬರೆಯುವವರು ಮೇಲಿನಿಂದ ಕಳಿಸಿದ್ದು, ನನ್ನ ಕೈಯಲ್ಲಿಲ್ಲ," ಅಂದಳು. "ನಿಮಗೆ ಬೇಡವಾದರೆ ನಿಮ್ಮ ಅಂಗಿ ಹಾಕಿಸಿ ಬೇರೆಯವನನ್ನು ಮಕಾಡೆ ಮಲಗಿಸುತ್ತೇನೆ. ಮುಖ ಕಾಣುವುದಿಲ್ಲ. ನೀವು ಮನೆಗೆ ಹೋಗಬಹುದು."

ಹೊರಗೆ ಬಂದು ನಿಂತೆ. ಅಲ್ಲಿ ಒಬ್ಬ ದಪ್ಪ ಮನುಷ್ಯ ಆಗಲೇ ನನ್ನ ಅಂಗಿಯ ಅಳತೆ ನೋಡುತ್ತಿದ್ದ. ಹೊಟ್ಟೆಯ ಹತ್ತಿರ ಗುಂಡಿ ಹತ್ತುತ್ತಿರಲಿಲ್ಲ. ಇವನು ಬೀಳುತ್ತಾನೆ, ಮೂಟೆ ಬಿದ್ದ ಹಾಗೆ. ಅದನ್ನು ನೋಡಿ ಜನ ನಾನೇ ಎಂದುಕೊಳ್ಳುತ್ತಾರೆ. ಕಂಪನಿಯ ಕಾಲದಿಂದ ಬೀಳುವುದನ್ನು ಕಲಿತವನು ನಾನು. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಭುಜ, ತಲೆ ಎಲ್ಲಕ್ಕಿಂತ ಕೊನೆಗೆ, ಕಣ್ಣು ಅದಕ್ಕೂ ಕೊನೆಗೆ. ನನ್ನ ಹೆಣ ನಾನೇ ಆಗಬೇಕು. "ಅಂಗಿ ಕೊಡು," ಅಂದೆ.

ವಾಣಿಶ್ರೀಗೆ ಫೋನು ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಫೋನು ಆಫ್ ಮಾಡಿ ಕಾರಿನ ಹಿಂದಿನ ಸೀಟಿಗೆ ಎಸೆದೆ.

ಸಾಯುವುದಕ್ಕೆ ಮುಂಚೆ ಇನ್ನೊಂದು ಜಗಳ. ಫೋಟೋಗೆ ಹಾರ ಹಾಕಿದ್ದರು, ಪ್ರವಾಸಕ್ಕೆ ಬಂದವರ ಕೊರಳಿಗೆ ಹಾಕಿದ ಹಾಗೆ, ಅಡ್ಡಾದಿಡ್ಡಿ. ನನ್ನ ಮೈ ಉರಿಯಿತು. "ಸತ್ತವರ ಫೋಟೋ ಹೀಗಿರುತ್ತದೇನ್ರಿ?" ಎಂದು ಹಾರ ತೆಗೆದು ಚೌಕಟ್ಟಿಗೆ ಸರಿಯಾಗಿ ಇಳಿಬಿಟ್ಟೆ. ಕೆಳಗೆ ದೀಪ ಇಡಿಸಿದೆ, ಊದುಬತ್ತಿ ಹಚ್ಚಿಸಿದೆ. ನನ್ನ ಬ್ಯಾಗಿನಲ್ಲಿದ್ದ ವಿಭೂತಿ ಗಟ್ಟಿ ತೆಗೆದು, ನೀರಲ್ಲಿ ತೇಯ್ದು, ಗಾಜಿನ ಮೇಲೆ, ನನ್ನದೇ ಹಣೆಗೆ, ಮೂರು ಬೆರಳಿನಿಂದ ಎಳೆದೆ. ಹಿಂದೆ ಸರಿದು ನೋಡಿದೆ. ಖರೇ ಅಂದರೆ ಖರೇ ಕಾಣುತ್ತಿತ್ತು. ಕೆಲಸ ಹಸನಾಯಿತು ಎಂದು ಖುಷಿಪಟ್ಟೆ.

ಅವತ್ತು ಮೋಟೆಲಿನ ಗಿರಾಕಿಗಳಾಗಿ ಸುಮ್ಮನೆ ಓಡಾಡಲು ಬಂದವರಲ್ಲಿ ರಘುನಂದನ ಎಂಬವನೊಬ್ಬನಿದ್ದ. ಮೈಸೂರಿನವನು, ಆಸ್ಟಿನ್ನಿನ ಹತ್ತಿರದ ಸೀಡರ್ ಪಾರ್ಕಿನಲ್ಲಿ ಮನೆ, ಚಿಪ್ ಕಂಪನಿಯಲ್ಲಿ ಕೆಲಸ, ರಜೆ ಹಾಕಿ ಶೂಟಿಂಗಿಗೆ ಬರುವ ಚಟ. ಅವನು ಫೋಟೋ ಮುಂದೆ ಕೈ ಕಟ್ಟಿಕೊಂಡು ನಿಂತ. "ಸರ್, ಥೇಟ್ ಸತ್ತವರ ಮನೆ ಥರಾನೇ ಇದೆ ಸರ್," ಅಂದ.

"ಇರಬೇಕು," ಅಂದೆ.

ಕ್ಯಾಮೆರಾ ತಿರುಗಿತು. ಕೀಲಿ ತೆಗೆಯಲು ಕೈ ಎತ್ತಿದೆ, ಎದೆ ಹಿಡಿದುಕೊಂಡೆ, ಮೊಣಕಾಲು, ಸೊಂಟ, ಭುಜ. ಕಾರ್ಪೆಟ್ಟಿಗೆ ಹಳೆಯ ಮಳೆಯ ವಾಸನೆ ಇತ್ತು. ಕೆನ್ನೆ ನೆಲಕ್ಕೆ ತಾಗಿದಾಗ ಕೌಂಟರಿನ ಕೆಳಗಿನ ಸಂದಿಯಲ್ಲಿ ಬೆಳಕಿನ ಒಂದು ಗೆರೆ ಕಂಡಿತು. ನಾನು ಬಿದ್ದ ನೆಲಗಳೆಲ್ಲ ಆ ಗೆರೆಯ ಆಚೆ ಒಂದಕ್ಕೊಂದು ಕೂಡಿಕೊಂಡಿದ್ದವು. ಫಾರ್ಮರ್ಸ್ ಬ್ರಾಂಚಿನ ಟೈಲ್ಸು, ಆಸ್ಪತ್ರೆಯ ನುಣ್ಣನೆಯ ನೆಲ, ಗಾಲ್ವೆಸ್ಟನ್ನಿನ ಒದ್ದೆ ಮರಳು, ಎಲ್ಲಕ್ಕೂ ಆಚೆ ನಮ್ಮ ಕಂಪನಿಯ ಹಲಗೆ. ಹಲಗೆಯ ಸಂದಿಯಿಂದ ಮಾಸ್ತರರ ಪಾದ ಕಾಣುತ್ತಿತ್ತು. ಅವರು ಯಾರದೋ ದಾರಿ ಕಾಯುತ್ತಿದ್ದರು. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿದೆ.

ಕಟ್ ಅಂದರು. ಯಾರೋ ಚಪ್ಪಾಳೆ ತಟ್ಟಿದರು. ಮೆಗನ್ ಬಂದು ಬಗ್ಗಿ ಏನೋ ಒಳ್ಳೆಯ ಮಾತು ಹೇಳಿದಳು. ನಾನು ಎದ್ದೆ, ಉತ್ತರ ಕೊಡಲಿಲ್ಲ. ಇನ್ನೂ ಸಿಟ್ಟಿದೆ ಎಂದುಕೊಂಡಿರಬೇಕು. ಮೇಕಪ್ಪಿನವಳು ಬಣ್ಣ ಒರೆಸಲು ಹತ್ತಿ ಹಿಡಿದು ಬಂದಳು, ಕೈ ಅಡ್ಡ ಹಿಡಿದೆ. ಹೆಣಕ್ಕೆಂದು ಬಳಿದಿದ್ದ ಬೂದಿ ಬಣ್ಣದ ಮುಖ, ನೀಲಿ ತುಟಿ ಹಾಗೆಯೇ ಕಾರು ಹತ್ತಿದೆ. ಕರೆಯುವವಳು ಹ್ಯೂಸ್ಟನ್ನಿನಲ್ಲಿ. ಕರೆಯುವುದಿಲ್ಲ ಎಂದು ಆಣೆ ಮಾಡಿದ್ದಾಳೆ. ಕರೆಯದಿದ್ದರೆ ನಾನು ನನ್ನ ಮನೆಯೊಳಗೆ ಕಾಲಿಡುವಂತಿಲ್ಲ.

ಹೈವೇ ಇನ್ನೂರ ತೊಂಬತ್ತು ನನಗೆ ಬಾಯಿಪಾಠ. ಅವತ್ತು ಮಾತ್ರ ಬೇರೆ ಯಾರೋ ಡ್ರೈವ್ ಮಾಡುತ್ತಿದ್ದಂತೆ, ನಾನು ಹಿಂದೆ ಮಲಗಿ ಹೋಗುತ್ತಿದ್ದಂತೆ ಇತ್ತು. ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ನೀರಾಗಿ ನಿಂತಿತ್ತು, ಹತ್ತಿರ ಹೋದರೆ ಹಿಂದೆ ಸರಿಯುತ್ತಿತ್ತು. ಎಲ್ಜಿನ್ ಬಂತು, ಗಿಡ್ಡಿಂಗ್ಸ್ ಬಂತು, ಊರುಗಳು ನನ್ನನ್ನು ನೋಡದೆ ಪಕ್ಕದಲ್ಲಿ ನಡೆದುಹೋದವು. ಬೇಲಿಯಾಚೆ ದನಗಳು ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಕನ್ನಡಿಯಲ್ಲಿ ನೋಡಿದರೆ ಅಲ್ಲಿ ಮೋಟೆಲಿನ ಯಜಮಾನ ಕೂತಿದ್ದ, ಬಹಳ ಸಮಾಧಾನದಿಂದ. ಸತ್ತವನಿಗೆ ಏನು ಅವಸರ? ಸಿಟ್ಟು ಮಾಡಿಕೊಳ್ಳೋಣವೆಂದು ನೋಡಿದೆ, ಬರಲಿಲ್ಲ. ನನ್ನ ಸಿಟ್ಟು ಕೈಗೆ ಸಿಗದೆ ಹೋಗಿದ್ದು ಅದೇ ಮೊದಲು, ಹೆದರಿಕೆ ಆಯಿತು.

ಬ್ರೆನಮ್ಮಿನಲ್ಲಿ ನೀರು ಕೊಳ್ಳಲು ಇಳಿದೆ. ಅಂಗಡಿಯ ಬಾಗಿಲು ತಾನಾಗಿ ತೆರೆಯುವಂಥದು. ಮುಂದೆ ನಿಂತೆ, ತೆರೆಯಲಿಲ್ಲ. ಹಿಂದೆ ಹೋಗಿ ಮತ್ತೆ ಬಂದೆ, ತೆರೆಯಲಿಲ್ಲ. ಒಂದು ಮಗುವನ್ನು ಎತ್ತಿಕೊಂಡ ತಾಯಿ ಬಂದಳು, ಬಾಗಿಲು ಕೂಡಲೇ ಸರಿಯಿತು. ಅವಳ ಹಿಂದೆ ಹೋಗಲು ಮನಸ್ಸಾಗಲಿಲ್ಲ. ಮಗು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತ ಒಳಗೆ ಹೋಯಿತು. ನೀರಿಲ್ಲದೆ ಮುಂದೆ ಹೊರಟೆ.

ನಮ್ಮ ಬೀದಿಗೆ ತಿರುಗಿದಾಗ ಇನ್ನೂ ಬಿಸಿಲಿತ್ತು. ಎರಡೂ ಕಡೆ ಕಾರುಗಳು ನಿಂತಿದ್ದವು. ಯಾರದೋ ಮನೆಯಲ್ಲಿ ಪೂಜೆ ಇರಬೇಕು ಎಂದುಕೊಂಡೆ. ಮುಂದೆ ಹೋದಂತೆ ಕಾರು ಹೆಚ್ಚಾದವು, ಗುರುತಿನವರ ಕಾರು. ನನ್ನ ಮನೆಯ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಗಂಡಸರು ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದರು. ಇದು ಪೂಜೆಯ ಮನೆಯಲ್ಲ. ಹೀಗೆ ನಿಲ್ಲುವುದು ಒಂದೇ ಕಾರಣಕ್ಕೆ.

ವಾಣಿ, ಅಂದುಕೊಂಡೆ.

ಬೆಳಿಗ್ಗೆ ಅವಳು ರಜೆ ಇದೆ ಎಂದಿದ್ದಳು. ಬಿಪಿ ಮಾತ್ರೆ ಮರೆಯುತ್ತಾಳೆ. ನಾನು ಫೋನು ಆಫ್ ಮಾಡಿದ್ದೆ. ನಾನು ಅಲ್ಲಿ ಸುಳ್ಳಿಗೆ ಎದೆ ಹಿಡಿದುಕೊಂಡು ಬೀಳುತ್ತಿದ್ದಾಗ ಇಲ್ಲಿ ಅವಳು ಖರೇ ಬಿದ್ದಿದ್ದಾಳೆ. ಸತ್ತ ಪಾತ್ರಕ್ಕೆ ಒಂದು ಮೈ ಬೇಕು ಎಂದು ಮಾಸ್ತರರು ಹೇಳಿದ್ದರು, ನನ್ನ ಮೈಯನ್ನೇ ತೆಗೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಕಾರನ್ನು ರಸ್ತೆಯ ನಡುವೆಯೇ ಬಿಟ್ಟು ಇಳಿದೆ. ಕಾಲು ಇರಲಿಲ್ಲ, ಆದರೂ ನಡೆಯುತ್ತಿದ್ದೆ.

ಆಗ ಕೇಳಿಸಿತು. ಟಪ್ ಟಪ್ ಟಪ್, ಸ್ವಲ್ಪ ನಿಂತು ಮತ್ತೆ ಟಪ್ ಟಪ್. ಅಡಿಗೆ ಮನೆಯ ಕಿಟಕಿಯಿಂದ, ಜೋಳದ ರೊಟ್ಟಿ ಬಡಿಯುವ ಸಪ್ಪಳ. ರೊಟ್ಟಿ ತಿರುಗಿಸುವಾಗ ಅವಳ ಬಳೆ ಹಿಟ್ಟು ನಾದುವ ಕೊಣಮಿಗೆಗೆ ತಾಗುತ್ತದೆ, ಅದೂ ಕೇಳಿಸಿತು. ಲೋಕದಲ್ಲಿ ಆ ಕೈಯಿಂದ ಹಾಗೆ ರೊಟ್ಟಿ ಬಡಿಯುವವಳು ಒಬ್ಬಳೇ. ನಾನು ಹುಲ್ಲಿನ ಮೇಲೆ ನಿಂತೆ, ಉಸಿರು ತಿರುಗಿ ಬಂತು.

ಹಾಗಾದರೆ ಸತ್ತವರು ಯಾರು?

ಗ್ಯಾರೇಜಿನ ಮುಂದೆ ಸಂಗಮೇಶ್ ಫೋನಿನಲ್ಲಿ ಮಾತಾಡುತ್ತಿದ್ದ. ಹುಬ್ಬಳ್ಳಿಯವನು, ಇಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ನನ್ನ ಗೆಳೆಯ. "ಹೌದ್ರಿ, ಸಭಾ ಆ ಹಾಲ್‌ನಾಗ ಇಡೂಣು. ಒಂದು ದೊಡ್ಡ ಫೋಟೋ ಮಾಡಸ್ರಿ. ಬಾಯಿ ಭಾಳ ಜೋರಿತ್ತು ಖರೆ, ಮನಸು…" ಅನ್ನುತ್ತ ತಿರುಗಿದ. ನನ್ನನ್ನು ನೋಡಿದ. ನನ್ನ ಬೂದಿ ಮುಖ, ನೀಲಿ ತುಟಿ ನೋಡಿದ. ಫೋನು ಕಿವಿಯಲ್ಲೇ ಇತ್ತು, ಅವನು ನಿಧಾನಕ್ಕೆ ಕಸದ ಡಬ್ಬಿಯ ಮೇಲೆ ಕೂತ.

"ಗದಿಗೆಪ್ಪಣ್ಣ," ಅಂದ. "ಯಾವಾಗ ಬಂದ್ರಿ?"

ಅವನು ಹೆಸರು ಹಿಡಿದೇ ಕರೆದ, ಆದರೆ ಅವನು ಮನೆಯವನಲ್ಲ. ನಾನು ಬಾಯಿ ಬಿಡಲಿಲ್ಲ. ಇನ್ನೂ ಹೆದರಿದ.

ಕನ್ನಡ ಸಂಘದ ಲೀಲಾವತಿ ಆಂಟಿ, ಬೆಂಗಳೂರಿನವರು, ಸ್ಟೀಲಿನ ಡಬ್ಬಿ ಎದೆಗವಚಿಕೊಂಡು ನಿಂತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಮೊಸರನ್ನ ತಂದಿದ್ದರು. ಅವರು ನನ್ನ ಹತ್ತಿರ ಬಂದು, ಒಂದು ಬೆರಳಿನಿಂದ ನನ್ನ ತೋಳು ಮುಟ್ಟಿದರು. ಬೆಚ್ಚಗಿತ್ತು. ಸಿಟ್ಟಿಗೆ ಅವರ ಮುಖ ಕೆಂಪಾಯಿತು. ತಮ್ಮ ಫೋನು ತೆಗೆದು ನನ್ನ ಕಣ್ಣಿಗೆ ಹಿಡಿದರು. "ಇದೇನ್ರೀ ಇದು ಮತ್ತೆ?"

ಅದರಲ್ಲಿ ನನ್ನ ಫೋಟೋ ಇತ್ತು. ಹಾರ, ದೀಪ, ಊದುಬತ್ತಿಯ ಹೊಗೆ, ಹಣೆಗೆ ವಿಭೂತಿ. ಶೂಟಿಂಗಿನದು ಏನನ್ನೂ ತೆಗೆಯಬಾರದು ಎಂದು ಬರೆದು ಹಾಕಿದ್ದರು. ಆಮೇಲೆ ಗೊತ್ತಾಯಿತು, ಫೋಟೋದ ಫೋಟೋ ತೆಗೆದರೆ ಶೂಟಿಂಗ್ ತೆಗೆದಂತಲ್ಲ ಎಂದು ರಘುನಂದನ ತೀರ್ಮಾನಿಸಿ, ಒಂದು ಮಾತೂ ಬರೆಯದೆ ಆಸ್ಟಿನ್ನಿನ ಕನ್ನಡದವರ ಗುಂಪಿಗೆ ಹಾಕಿದ್ದ. ಅಲ್ಲಿಂದ ಡಲ್ಲಾಸಿಗೆ, ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ. ಮೆಗನ್‌ಳ ಹುಡುಗರು ಹಾಕಿದ್ದ ಹಾರ ಹಾಗೇ ಇದ್ದಿದ್ದರೆ ನಮ್ಮವರು ಒಬ್ಬರೂ ನಂಬುತ್ತಿರಲಿಲ್ಲ. ನನ್ನ ಮೂರು ಬೆರಳಿನ ಕೆಲಸ ನೋಡಿ ನಂಬಿದರು.

"ವಾಣಿಶ್ರೀ," ಲೀಲಾವತಿ ಆಂಟಿ ಬಾಗಿಲಲ್ಲಿ ನಿಂತು ಕೂಗಿದರು, "ಹೊರಗಡೆ ಬನ್ನಿ. ಇವರು ಬಂದು ನಿಂತಿದಾರೆ."

"ನಿಂದರ್ಲಿ," ಒಳಗಿನಿಂದ ಬಂತು. "ಅವಾಗಿಂದ ಹೇಳಾಕತ್ತೀನಿ, ಶೂಟಿಂಗ್ ಅದು ಅಂತ. ಒಬ್ಬರರ ಕೇಳಿದ್ರೇನು? ಪಾಪ, ತಲಿ ಕೆಟ್ಟೈತಿ ಅಂತ ನನ್ನ ತಲಿ ಸವರಿದ್ರಿ."

"ಅಲ್ಲಮ್ಮ, ಒಲೆ ಹಚ್ಚಿ ರೊಟ್ಟಿ ತಟ್ತಾ ಕೂತರೆ ನಾವಾದರೂ ಏನಂದ್ಕೋಬೇಕು?"

ಟಪ್ ಟಪ್ ನಡೆದೇ ಇತ್ತು. ಹೊಸ್ತಿಲು ದಾಟದೆ ನಾನು ಬಾಗಿಲ ಮುಂದಿನ ಕಲ್ಲಿನ ಮೇಲೆ ನಿಂತಿದ್ದೆ. ಆಮೇಲೆ ಸಪ್ಪಳ ನಿಂತಿತು.

ಅವಳು ಬಂದಳು. ಮೊಣಕೈ ತನಕ ಹಿಟ್ಟು. ಮುಖ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಊದಿತ್ತು. ಎಲ್ಲರಿಗೂ ಶೂಟಿಂಗ್ ಎಂದು ಹೇಳುತ್ತ, ಆಫ್ ಆದ ನನ್ನ ಫೋನಿಗೆ ಎಷ್ಟು ಸಲ ಮಾಡಿದ್ದಾಳೋ, ಅವಳ ಫೋನಿನ ತುಂಬ ಹಿಟ್ಟಿನ ಬೆರಳಿನ ಗುರುತಿತ್ತು. ಹೊಸ್ತಿಲ ಒಳಗೇ ನಿಂತಳು. ಫೋನಿನಲ್ಲಿದ್ದ ಅದೇ ಫೋಟೋ ನನ್ನ ಕಡೆ ಹಿಡಿದಳು.

"ಹಾರದ ಕೆಳಗ ಈ ಕೈ ಯಾರದ್ರಿ?"

ಕಣ್ಣಲ್ಲಿ ನೀರು ಬಂದು ಬೂದಿಯ ಮೇಲೆ ಗೆರೆ ಇಳಿಯಿತು.

"ಯಾಕಮ್ಮ, ಇವರು ಮಾತೇ ಆಡ್ತಿಲ್ಲ?" ಲೀಲಾವತಿ ಆಂಟಿ ಕೇಳಿದರು.

"ಆಡೂದಿಲ್ಲ. ಮನಿಯವರು ಹೆಸರ ಹಿಡದು ಕರದ ಹೊರತು ಆಡೂದಿಲ್ಲ, ಒಳಗೂ ಬರೂದಿಲ್ಲ. ಅವರ ಮಾಸ್ತರರ ಕಟ್ಟಳಿ ಅದು."

"ಹಂಗಾರ ಕರೀರಿ ವೈನಿ," ಕಸದ ಡಬ್ಬಿಯ ಮೇಲಿಂದ ಸಂಗಮೇಶ್ ಅಂದ. "ಹೆದರಿ ಸಾಯೂದರಿಂದ ನಾವು ಉಳೀತೀವಿ."

"ಒಡಪು ಹೇಳೂದಿಲ್ಲಂತ ಆಣಿ ಮಾಡೇನಿ."

ಅವಳು ನನ್ನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಯಜಮಾನ ನನ್ನ ಮೈಯಲ್ಲಿ ಇನ್ನೂ ಸಮಾಧಾನದಿಂದ ಕೂತಿದ್ದ. ಹೀಗೆಯೇ ಹೊರಗೆ ನಿಂತು ಬೆಳಕು ಇಳಿಯುವುದನ್ನು ನೋಡುತ್ತ ಇದ್ದುಬಿಡಬಹುದು, ಯಾರಿಗೂ ತೊಂದರೆ ಇಲ್ಲ ಅನ್ನಿಸಿತು. ಬೀದಿಯ ಓಕ್ ಮರಗಳು ದೂರ ದೂರ ಹೋಗುತ್ತಿದ್ದವು. ಚಪ್ಪಲಿಗಳು, ಸೀರೆಗಳು, ಎಲ್ಲ ಕೌಂಟರಿನ ಕೆಳಗಿನ ಆ ಬೆಳಕಿನ ಗೆರೆಯ ಆಚೆಗೆ ಸರಿಯುತ್ತಿದ್ದವು.

"ಗದಿಗೆಪ್ಪ," ಅಂದಳು ವಾಣಿಶ್ರೀ.

ಒಡಪಿಲ್ಲ, ಅವರು ಇವರು ಇಲ್ಲ. ಬರೀ ಹೆಸರು. ಕತ್ತಲಾದರೂ ಆಟ ಬಿಟ್ಟು ಬಾರದ ಹುಡುಗನನ್ನು ಕರೆಯುವ ಹಾಗೆ.

"ಏ ಗದಿಗೆಪ್ಪ. ಬಾ ಒಳಗ. ರೊಟ್ಟಿ ಆರ್ತಾವ."

ಹೆಂಗಸರಲ್ಲಿ ಯಾರೋ ಉಸಿರು ಒಳಗೆಳೆದರು. ಅವ್ವ ಹೋದ ಮೇಲೆ ಆ ಹೆಸರನ್ನು ಆ ರೀತಿ ಯಾರೂ ಕರೆದಿರಲಿಲ್ಲ. ಅದು ನನ್ನ ಕಿವಿಯಿಂದ ಇಳಿದು ಮೊದಲು ತಲೆ, ಆಮೇಲೆ ಭುಜ, ಸೊಂಟ, ಕೊನೆಗೆ ಮೊಣಕಾಲು ಮುಟ್ಟಿತು. ಬಿದ್ದಿದ್ದಕ್ಕೆ ತಿರುವುಮುರುವು. ಕಾಲು ನೆಲಕ್ಕೆ ತಾಗಿತು. ಮರಗಳು ತಮ್ಮ ಜಾಗಕ್ಕೆ ಬಂದು ನಿಂತವು.

"ಕೈ ನಿಂದು," ಅಂದೆ. "ನಿನ್ನ ಕೇಳದ ಕೊಟ್ಟೆ. ಸಾಯ್ಸೂದು ನನಗೂ ಗೊತ್ತಿರ್ಲಿಲ್ಲ."

"ಫೋನ್ ಯಾಕ ಬಂದ್ ಮಾಡಿದ್ರಿ?"

"ನಿನಗ ಅಂಜಿ."

"ಇಷ್ಟೂ ಮಂದೀಗೆ ರೊಟ್ಟಿ ಬಡೀಬೇಕೀಗ," ಅಂದು ಅವಳು ಒಳಗೆ ಹೋದಳು. ನಾನು ಹೊಸ್ತಿಲು ದಾಟಿದೆ. ಲೀಲಾವತಿ ಆಂಟಿ ಹಿಂದೆ ಬಂದಾಗ ಅವಳು ತಿರುಗಿ ನೋಡದೆ ಹೇಳಿದಳು: "ಮೊಸರನ್ನ ಹೊರಗ ಇರ್ಲಿ ಆಂಟಿ. ತಪ್ಪ ತಿಳ್ಕೋಬ್ಯಾಡ್ರಿ."

ಆಮೇಲೆ ಮನೆ ತುಂಬ ಗದ್ದಲ. ಸಂಗಮೇಶ್ ಶೋಕಸಭೆಯ ಹಾಲು ಬೇಡವೆಂದು ಹೇಳಲು ಫೋನು ಮಾಡಿದ. ನಾನು ಅವನ ಕೊರಳಪಟ್ಟಿ ಹಿಡಿದು ಕೇಳಿದೆ: "ಬಾಯಿ ಭಾಳ ಜೋರಿತ್ತು ಅಂದ್ಯಲ್ಲ, ಮುಂದ ಏನ್ ಅನ್ನಾವಿದ್ದಿ?"

"ಮನಸು ಮಾತ್ರ… ಅಂತ ಅನ್ನಾವಿದ್ದೆ. ಅಷ್ಟರಾಗ ನೀವು ಬಂದ್ರಿ. ಉಳಿದದ್ದು ಖರೇ ಹೋದಾಗ ಹೇಳ್ತೀನಿ ಬಿಡ್ರಿ." ನನಗೆ ಸಿಟ್ಟು ಬಂತು. ಬಂತಲ್ಲ ಎಂದು ಸಂತೋಷವಾಯಿತು.

ರೊಟ್ಟಿ ಹಾಕುವಾಗ ವಾಣಿಶ್ರೀಯ ಕಿವಿಯ ಹತ್ತಿರ ಬಗ್ಗಿ ಅಂದೆ, "ಇನ್ನೊಮ್ಮೆ ಹಂಗ ಕರಿ."

"ಇನ್ನೊಮ್ಮೆ ಸತ್ತು ನೋಡ್ರಿ," ಅಂದಳು. "ಮದ್ಲ ಆ ಫೋಟೋ ತಗೊಂಡ ಬರ್ರಿ. ವಿಭೂತಿ ನನ್ನ ಕೈಲೆ ಒರಸ್ತೀನಿ."

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟೆ. ಮೋಟೆಲಿನ ಯಜಮಾನ ಬಿಳಿ ನೀರಾಗಿ ತೂಬಿನಲ್ಲಿ ಇಳಿದ. ಹೊರಗೆ ಅವಳ ಫೋನು ರಿಂಗಾಯಿತು. ಆಸ್ಟಿನ್ನಿನಿಂದ, ಪ್ರೊಡಕ್ಷನ್ ಆಫೀಸಿನವರು. ಮಾತಾಡದೆ ಹೊರಟುಹೋದ ನಟ ಮನೆ ಮುಟ್ಟಿದನೇ ಎಂದು ಕೇಳಲು ಮಾಡಿರಬೇಕು. ಟವಲು ಮುಖಕ್ಕೆ ಹಿಡಿದು ಕೇಳುತ್ತ ನಿಂತೆ.

"ಹೌದು, ಬಂದಿದ್ದಾರೆ," ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. "ನನ್ನ ಗಂಡ. ಹೆಸರಾ?" ಆಮೇಲೆ ನಿಧಾನಕ್ಕೆ, ಒಂದೊಂದಾಗಿ, "ಜಿ. ಎ. ಡಿ. ಐ…"